ಮೂರು ಗಂಟೆಯ ಸಭೆ

ಚಿತ್ರಾನ್ನದ ಒಗ್ಗರಣೆ ವಾಸನೆ ಬಂದರೆ ಇಂದಿಗೂ ನನಗೆ ಸಿಂಗಪುರದ ಸೆಂಬವಾಂಗ್‌ನ ಆ ಬುಧವಾರ ನೆನಪಾಗುತ್ತದೆ.

ನನಗಾಗ ಒಂಬತ್ತು ವರ್ಷ. ನಮ್ಮ ಬ್ಲಾಕ್‌ನ ನೆಲಮಹಡಿಯ ತೆರೆದ ಜಾಗದಲ್ಲಿ, ಅಂದರೆ ವಾಯ್ಡ್ ಡೆಕ್‌ನಲ್ಲಿ, ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದ ಅಮ್ಮ, ಹತ್ತಿರದ ಶಾಲೆಯ ಜೊತೆ ಸೇರಿ, ಮಕ್ಕಳನ್ನು ಕಾಲೇಜಿಗೆ ಸೇರಿಸುವುದು ಹೇಗೆಂದು ತಿಳಿಸುವ ಸಭೆಯನ್ನು ಅಲ್ಲೇ ಏರ್ಪಡಿಸಿದ್ದಳು. ನಲವತ್ತು ಜನರಿಗೆ ಚಿತ್ರಾನ್ನ ಮಾಡಿದ್ದಳು. ಮಧ್ಯಾಹ್ನ ಮೂರು ಗಂಟೆ ಎಂದು ಗೊತ್ತುಮಾಡಿದ್ದು ಮಾತ್ರ ಶಾಲೆಯವರು.

ಬಂದವಳು ಕೆಳಗಿನ ಮನೆಯ ಮಲಯ ಹುಡುಗಿ ಸಿತಿ ಒಬ್ಬಳೇ. ಆ ವರ್ಷ ಅವಳ ಶಾಲೆ ಮುಗಿಯುವುದಿತ್ತು. ಅವಳ ತಾಯಿ ಕ್ಯಾಂಟೀನಿನ ಕೆಲಸಕ್ಕೆ ಹೋಗಿದ್ದರು.

ಶಾಲೆಯ ಪರವಾಗಿ ಬಂದಿದ್ದ ಮೂರ್ತಿ ಅಂಕಲ್ ಖಾಲಿ ಕುರ್ಚಿಗಳನ್ನು ನೋಡಿ, "ಪೇರೆಂಟ್ಸ್‌ಗೆ ಇಂಟರೆಸ್ಟೇ ಇಲ್ಲ ಮೇಡಂ," ಎಂದರು.

"ಇಂಟರೆಸ್ಟ್ ಇದೆ ಸರ್, ರಜೆ ಇಲ್ಲ. ಸಂಜೆ ಏಳಕ್ಕೆ ಇಡಿ ಅಂತ ಮೂರು ಸಲ ಮೇಲ್ ಮಾಡಿದೀನಿ," ಎಂದಳು ಅಮ್ಮ.

"ಏಳಕ್ಕೆ ನಮ್ಮ ಸ್ಟಾಫ್ ಇರಲ್ವಲ್ಲ."

"ಹೋಗ್ಲಿ, ಇವಳಿಗಾದ್ರೂ ಹೇಳಿ. ಪಕ್ಕದಲ್ಲಿ ನಾನು ಕೂತ್ಕೋತೀನಿ."

"ಪೇರೆಂಟ್ ಇರ್ಲೇಬೇಕು ಮೇಡಂ. ರೂಲ್ಸ್ ಹಾಗಿದೆ." ಅವರು ಲ್ಯಾಪ್‌ಟಾಪ್ ಮುಚ್ಚಿಕೊಂಡು ಹೊರಟೇಹೋದರು.

"ಇಟ್ಸ್ ಓಕೆ ಲಾ, ಆಂಟಿ," ಎನ್ನುತ್ತಾ ಸಿತಿ ಕುರ್ಚಿ ಮಡಚತೊಡಗಿದಳು. ಅಮ್ಮ ಅದನ್ನು ಅವಳ ಕೈಯಿಂದ ಕಿತ್ತುಕೊಂಡು ನೆಲಕ್ಕೆ ಕುಕ್ಕಿದಳು. "ಕೂತ್ಕೋ!" ಎಂದು ಕನ್ನಡದಲ್ಲೇ ಗದರಿದಳು. ಅಮ್ಮನನ್ನು ಅಷ್ಟು ಸಿಟ್ಟಿನಲ್ಲಿ ನಾನು ಎಂದೂ ನೋಡಿರಲಿಲ್ಲ.

ಸಿತಿ ಕೂತಳು. ಅಮ್ಮ ಮೇಜಿನ ಮೇಲಿದ್ದ ಕಾಲೇಜು ಅರ್ಜಿಯ ಮೊದಲ ಪುಟ ಬಿಡಿಸಿ, ತನಗೂ ಸರಿಯಾಗಿ ತಿಳಿಯದ ಅದರ ನಿಯಮಗಳನ್ನು ಒಂದೊಂದಾಗಿ ಜೋರಾಗಿ ಓದತೊಡಗಿದಳು.