ಪಕ್ಕದ ಮೇಜಿನ ಗಿರಾಕಿ

ಹುಡುಗ ಇರಾನಿ ಹೋಟೆಲಿನೊಳಗೆ ಕಾಲಿಟ್ಟದ್ದೇ ತಡ, ಬೀದಿಯಾಚೆ ಬೇವಿನ ಮರದ ಮರೆಯಲ್ಲಿ ನಿಂತಿದ್ದ ದೊಡ್ಡಬಸಪ್ಪನವರು ತೊಡೆ ತಟ್ಟಿಕೊಂಡರು. ಸಿಕ್ಕಿಬಿದ್ದ ಮಗ! ಕೊಪ್ಪಳದಿಂದ ಹೈದರಾಬಾದಿನವರೆಗೆ ರೈಲಿನ ಹೊಗೆ ಕುಡಿದು ಬಂದದ್ದು ದಂಡವಾಗಲಿಲ್ಲ.

ಕೊಪ್ಪಳದ ಜವಳಿ ಪೇಟೆಯಲ್ಲಿ ದೊಡ್ಡಬಸಪ್ಪನವರೆಂದರೆ ಆಚಾರದ ಕಂಬ. ಕೊರಳಲ್ಲಿ ಬೆಳ್ಳಿಯ ಲಿಂಗದ ಕರಡಿಗೆ, ಬೇಲದ ಕಾಯಿಯಷ್ಟು ದಪ್ಪ. ಅದರ ಮೇಲೆ ನಂದಿ ಕೆತ್ತಿಸಿದ್ದರು. ಅಂಥದ್ದು ಊರಿಗೆಲ್ಲ ಅದೊಂದೇ. ಅದನ್ನು ಅಂಗಿಯ ಮೇಲೇ ಹಾಕುವರು. ಒಳಗಿಟ್ಟರೆ ನಾಲ್ಕು ಜನಕ್ಕೆ ಕಾಣುವುದು ಹೇಗೆ? ಗದಗಿನ ಸ್ಟೇಷನ್ನಿನಲ್ಲಿ ಒಂದು ಕಪ್ಪು ಚಹಾ ಕುಡಿದನೆಂದು ಸ್ವಂತ ತಮ್ಮ ಈಶಪ್ಪನನ್ನೇ ಊಟದ ಪಂಕ್ತಿಯಿಂದ ಎಬ್ಬಿಸಿದ ಮಹಾನುಭಾವರು.

ಅಂಥವರ ಮಗಳು ಶಿವಬಸಮ್ಮನಿಗೆ ಕುಷ್ಟಗಿಯ ಉಮಾಪತಿಯನ್ನು ಗೊತ್ತು ಮಾಡಿತ್ತು. ಹುಡುಗನ ಫೋಟೋ ನೋಡಿದ ದಿನದಿಂದ ಮಗಳು ಒಲೆಯ ಮುಂದೆ ಕೂತು ಒಬ್ಬಳೇ ನಗುತ್ತಿದ್ದಳು. ಹುಡುಗ ಹೈದರಾಬಾದಿನಲ್ಲಿ ಅದೆಂಥದೋ ಕಲೆಯ ಸಾಲಿಯಲ್ಲಿ ಕಲಿಯುತ್ತಿದ್ದ. ಎಂಥ ಕಲೆ ಎಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಒಂದು ಸುದ್ದಿ ಬಂತು: ಹುಡುಗ ದಿನಾ ಕಂಡಕಂಡ ಹೋಟೆಲು ಹೊಗುತ್ತಾನೆ. ದೊಡ್ಡಬಸಪ್ಪನವರು ರುಮಾಲು ತೆಗೆದಿಟ್ಟು, ಕಣ್ಣು ಮುಚ್ಚುವಂಥ ಕರಿ ಟೋಪಿ ಏರಿಸಿ ರೈಲು ಹತ್ತಿದ್ದರು. ಹುಡುಗ ಅವರ ಮುಖ ಕಂಡವನಲ್ಲ.

ಹೊರಗೆ ನಿಂತರೆ ಏನು ಕಂಡೀತು? ಒಳಗೆ ಹೋಗಲೇಬೇಕು. ಹೋಗಿ ಸುಮ್ಮನೆ ಕೂತರೆ ಅನುಮಾನ, ಏನಾದರೂ ತರಿಸಲೇಬೇಕು. ತರಿಸಿದ್ದನ್ನು ಬಿಟ್ಟರೆ ಇನ್ನೂ ಅನುಮಾನ. ಧರ್ಮ ಕಾಯುವುದೆಂದರೆ ಹುಡುಗಾಟವೇ? ದೊಡ್ಡಬಸಪ್ಪನವರು ಹುಡುಗನಿಗೆ ಓರೆಯಾಗಿ ಕೂತು, ಕರಡಿಗೆಯನ್ನು ಮೆಲ್ಲಗೆ ಬೆನ್ನ ಕಡೆಗೆ ಸರಿಸಿದರು. ಶಿವನಿಗೆ ಇಂಥದ್ದನ್ನೆಲ್ಲ ಯಾಕೆ ತೋರಿಸಬೇಕು?

ಪಕ್ಕದ ಮೇಜಿನಲ್ಲಿ ಹುಡುಗ ತಲೆ ತಗ್ಗಿಸಿ ಕೂತಿದ್ದ. ಮೊಣಕೈ ಒಂದೇ ಸಮನೆ ಆಡುತ್ತಿತ್ತು. ಅಬ್ಬಾ, ತಿನ್ನುವ ರಭಸವೇ! ಆಗಾಗ ಕತ್ತೆತ್ತಿ ಇತ್ತ ನೋಡುವನು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಸ್ವಲ್ಪ ಹೊತ್ತಿಗೆ ಅವನ ಮುಂದಿನ ತುಂಬಿದ ಕಪ್ಪು ಹಾಗೇ ಅಡಿಗೆಮನೆಗೆ ವಾಪಸು ಹೋಯಿತು. ಸಕ್ಕರೆ ಸಾಲದೆಂದು ತಿರುಗಿ ಕಳಿಸಿರಬೇಕು, ನಾಲಿಗೆಯ ಸೊಕ್ಕು ನೋಡು! ಇಷ್ಟು ಸಿಟ್ಟು ಬಂದದ್ದಕ್ಕೆ ದೊಡ್ಡಬಸಪ್ಪನವರು ಇನ್ನೊಂದು ಚಹಾ, ಇನ್ನೆರಡು ಬಿಸ್ಕೀಟು ತರಿಸಿದರು.

ಮರುದಿನ ಹುಡುಗ ಅರಬರ ಓಣಿಗೆ ನಡೆದ. ಅಲ್ಲಿ ಗೋಧಿ ಹುಗ್ಗಿಯಂಥದ್ದೇನೋ ಬಂತು, ಮೇಲೆ ತುಪ್ಪ. ಅದರೊಳಗೆ ಮತ್ತೇನಿದೆ ಎಂದು ದೊಡ್ಡಬಸಪ್ಪನವರು ಕೇಳಲಿಲ್ಲ. ಕೇಳಿದರೆ ತಾನೆ ಪಾಪ? ಆಮೇಲೆ ಸಿಕಂದರಾಬಾದಿನ ಬಿಳಿ ದೊರೆಗಳ ಬೇಕರಿ. ಆಮೇಲೆ ಒಬ್ಬ ಚೀನದವನ ಅಂಗಡಿ, ಅಲ್ಲಿ ಶಾವಿಗೆ. ಎಲ್ಲ ಕಡೆ ಗೋಡೆಯ ತುಂಬ ಚಿತ್ರಗಳು: ಗುಲಾಬಿ ತೋಟ, ಒಂಟೆ ಸಾಲು, ಮೇಮಸಾಹೇಬರು, ಮಂಜಿನ ಗುಡ್ಡ. ತಟ್ಟೆ ಮುಂದಿರುವಾಗ ಗೋಡೆ ಯಾರು ನೋಡುತ್ತಾರೆ? ಎಲ್ಲ ಕಡೆ ಹುಡುಗನ ಮೊಣಕೈ ಆಡುತ್ತಿತ್ತು, ಕರಡಿಗೆ ಬೆನ್ನಿಗೆ ಸರಿಯುತ್ತಿತ್ತು. ಹೀಗೆ ಜಗತ್ತನ್ನೆಲ್ಲ ಹೊಟ್ಟೆಯೊಳಗೆ ಸುತ್ತಿ ದೊಡ್ಡಬಸಪ್ಪನವರು ಊರಿಗೆ ಬಂದರು. ಸಾಕ್ಷಿ ಸಾಕಾಗಿತ್ತು, ಆದರೂ ಇನ್ನೆರಡು ದಿನ ಇರಬೇಕಿತ್ತೆಂದು ಯಾಕೋ ಮನಸ್ಸು ಹಳಹಳಿಸಿತು.

ಮುಂದಿನ ಸೋಮವಾರವೇ ಕುಷ್ಟಗಿಯವರನ್ನು ಕರೆಸಿ, ಹಿರಿಯರನ್ನು ಪಡಸಾಲೆಯಲ್ಲಿ ಕೂಡಿಸಿದರು. ರುಮಾಲು ತಲೆಗೆ, ಕರಡಿಗೆ ಎದೆಗೆ ಬಂದಿತ್ತು. ಶಿವಬಸಮ್ಮ ಬಾಗಿಲ ಹಿಂದೆ ಕಣ್ಣು ತುಂಬಿಕೊಂಡು ನಿಂತಿದ್ದಳು.

"ಈ ಹುಡುಗ ಇರಾನಿ ಚಹಾ ಕುಡದಾನ, ಅರಬರ ಹುಗ್ಗಿ ಉಂಡಾನ, ಚೀನದವನ ಶಾವಿಗಿ ತಿಂದಾನ! ಬಾಗಿಲದಾಗ ನಿಂತು ಕಣ್ಣಾರೆ ನೋಡೀನಿ, ಹೊಸ್ತಿಲಾ ತುಳದಿಲ್ಲ. ಅಲ್ಲಿ ತಿಂದಾಂವ ಯಾವನೇ ಇರಲಿ, ಈ ಮನಿ ಪಂಕ್ತಿಯಾಗ ಅವಗ ಜಾಗ ಇಲ್ಲ. ನನ್ನ ಮಾತು ಸುಳ್ಳಾದ್ರ, ನಾನೇ ಹುಡುಗನ ಕೈ ಹಿಡಿದು ಮಗಳನ್ನ ಕೊಡ್ತೀನಿ."

ಉಮಾಪತಿ ಮಾವನಾಗುವವರನ್ನು ಒಂದು ಗಳಿಗೆ ಕಣ್ಣು ಕಿರಿದು ಮಾಡಿ ನೋಡಿದ.

"ಹೋಗಿದ್ದು ಖರೇರಿ. ಹೋಟೆಲಿನ ಗ್ವಾಡಿ ಮ್ಯಾಲಿನ ದೇಶ ದೇಶದ ಚಿತ್ರ ನೋಡಿ ಬರಕೊಂಡು ಬಾ ಅಂತ ನಮ್ಮ ಮಾಸ್ತರು ಕಳಿಸಿದ್ರು. ಕುಂಡ್ರಾಕ ಜಾಗ ಬೇಕಲ್ರಿ, ಅದಕ್ಕ ಏನರ ತರಿಸ್ತಿದ್ದೆ, ಮುಟ್ಟತಿರ್ಲಿಲ್ಲ. ಅವ್ವ ಕೊಟ್ಟ ರೊಟ್ಟಿ ಬುತ್ತಿ ಚೀಲದಾಗ ಇರ್ತಿತ್ತು."

"ಸಾಕ್ಷಿ ಯಾರದಾರ ತಮ್ಮಾ?" ಎಂದ, ಪಂಕ್ತಿ ಕಳೆದುಕೊಂಡ ಈಶಪ್ಪ ಮೂಲೆಯಿಂದ.

"ಒಬ್ಬರು ಅದಾರ್ರಿ. ಹೋದಲ್ಲೆಲ್ಲಾ ಪಕ್ಕದ ಮೇಜಿಗೆ ಅವರೇ. ಅಷ್ಟು ಪ್ರೀತಿಲೆ ಉಣ್ಣೋರನ್ನ ನಾ ಎಲ್ಲೂ ಕಂಡಿಲ್ರಿ. ಕಡೀಕ ಗ್ವಾಡಿ ಬಿಟ್ಟು ಅವರನ್ನೇ ಬರದುಬಿಟ್ಟೆ."

ಚೀಲದಿಂದ ಹಾಳೆ ತೆಗೆದು ಜಮಖಾನೆಯ ಮೇಲೆ ಬಿಚ್ಚಿದ. ಹಿಂದೆ ಒಂಟೆಗಳ ಸಾಲು. ಮುಂದೆ ಒಬ್ಬ ದಪ್ಪನೆಯ ಗಿರಾಕಿ, ಓರೆಯಾಗಿ ಕೂತವನು. ಕರಿ ಟೋಪಿ ಅರ್ಧ ಮುಖ ಮುಚ್ಚಿದೆ, ಮೀಸೆಗೆ ತುಪ್ಪ ಹತ್ತಿದೆ.

"ಯಾವನೋ ಹೈದರಾಬಾದಿನ ಹೊಟ್ಟಿಬಾಕ. ಇಂಥವನ ಸಾಕ್ಷಿ ಯಾರಿಗೆ ಬೇಕು? ಸುತ್ತಿಡು!" ಎಂದು ದೊಡ್ಡಬಸಪ್ಪನವರು ಹಾಳೆಗೆ ಕೈ ಚಾಚಿದರು.

ಅಷ್ಟರಲ್ಲಿ ಬೀಗರಿಗೆ ನೀರು ತಂದ ಹೆಂಡತಿ ಕಳಕಮ್ಮ ಬಗ್ಗಿ ಚಿತ್ರ ನೋಡಿ, "ಅಯ್ಯ ಶಿವನೇ! ನಂದಿ ಕರಡಿಗಿ ಬೆನ್ನಿಗ್ಯಾಕ ಹಾಕ್ಕೊಂಡೀರಿ?" ಎಂದು ಗಂಡನನ್ನು ಕೇಳಿದಳು.