ಒಂಬತ್ತನೆಯ ಹುಡುಗಿ

"ಆಕಿ ಆಟಕ್ಕ ಹೋದ್ರ ಕಂಡಿಕಿ ಸುತ್ತವ್ರು ಯಾರ್ರಿ ಅಕ್ಕಾರ?" ಶಂಕ್ರಪ್ಪ ಮಗ್ಗದಿಂದ ತಲೆ ಎತ್ತದೆ ಕೇಳಿದ.

ಯುವತಿ ಮಂಡಳದ ಕಾರ್ಯಕರ್ತೆ ಸುಮಾ ಬೆಳಿಗ್ಗೆಯಿಂದ ಇಳಕಲ್ಲಿನ ಎಂಟು ಮನೆಯವರನ್ನು ಒಪ್ಪಿಸಿ ಬಂದಿದ್ದಳು. ಹುನಗುಂದದ ಖೋ-ಖೋ ಪಂದ್ಯಕ್ಕೆ ಒಂಬತ್ತು ಹುಡುಗಿಯರು ಬೇಕು, ಬಸ್ಸು ಹನ್ನೆರಡಕ್ಕೆ. ಶಂಕ್ರಪ್ಪನ ಮಗಳು ಶೈಲಶ್ರೀ ರಾಟಿಯ ಮುಂದೆ ತಲೆ ತಗ್ಗಿಸಿ ಕುಳಿತು, ಸೀರೆಗೆ ಬೇಕಾದ ನೂಲನ್ನು ಕಂಡಿಕಿಯ ಪುಟ್ಟ ಕೊಳವೆಗಳಿಗೆ ಸುತ್ತುತ್ತಿದ್ದಳು.

"ನಾ ಸುತ್ತತೇನ್ರಿ ಕಾಕಾ. ಹುಡುಗ್ಯಾರ ಸಂಗಡ ಸಾಲಿ ಟೀಚರ್ ಬಾಯಾರು ಹೋಗ್ತಾರ," ಎಂದವಳೇ ಸುಮಾ ಸೆರಗು ಸಿಕ್ಕಿಸಿ ಹುಡುಗಿಯ ಜಾಗದಲ್ಲಿ ಕುಳಿತುಬಿಟ್ಟಳು. ಹೊಲದ ಕೆಲಸ ಮಾಡಿ ಬೆಳೆದ ಅವಳು ರಾಟಿ ಮುಟ್ಟಿದ್ದು ಇದೇ ಮೊದಲು. ಒಮ್ಮೆ ತಿರುಗಿಸಿದಳು, ನೂಲು ಹರಿಯಿತು. ಗಂಟು ಹಾಕಿ ಮತ್ತೆ ತಿರುಗಿಸಿದರೆ ನೂಲೆಲ್ಲ ಕೊಳವೆಯ ಒಂದೇ ತುದಿಗೆ ಗುಡ್ಡೆಯಾಗಿ ಕೂತಿತು. ಆದರೂ ಬಿಡದೆ, ತುಟಿ ಕಚ್ಚಿಕೊಂಡು ಮೂರನೆಯ ಸಲ ಕೈ ಹಾಕಿದಳು.

ಮಗ್ಗದ ಸದ್ದು ನಿಂತಿತು. ಶಂಕ್ರಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಏಳ್ರಿ ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೇನಿ! ನೀವು ಸುತ್ತಿದ್ದು ಬಿಡಸಾಕ ನನಗ ಎರಡ ದಿನಾ ಬೇಕು. ಇವತ್ತೊಂದಿನ ನಾನೇ ಸುತ್ಕೋತೇನಿ. ಶೈಲಾ, ಹೋಗಿ ಬಾ ಅವ್ವಾ..."

ಮಾತು ಮುಗಿಯುವ ಮೊದಲೇ ಶೈಲಶ್ರೀ ಹೊಸ್ತಿಲು ದಾಟಿದ್ದಳು. ಸುಮಾ ಓಣಿಗಿಳಿದು ನೋಡಿದರೆ ಹುಡುಗಿ ಬರಿಗಾಲಲ್ಲೇ ಬಸ್ ಸ್ಟ್ಯಾಂಡಿನ ದಾರಿ ಹಿಡಿದು ಓಡುತ್ತಿದ್ದಳು.