ಮಾತಿಲ್ಲದ ಕೂಲಿಯಾಳು

ಪರದೆಯ ಮೇಲೆ ಕೊರಿಯಾದ ಗೂಂಡಾ ಕೈ ಎತ್ತಿದ. ಅವನೆದುರು ಮಂಡಿಯೂರಿದ್ದವನು ಹೊರದೇಶದ ಕೂಲಿಯಾಳು. ಇಡೀ ಸಿನಿಮಾದಲ್ಲಿ ನಮ್ಮ ಕಡೆಯವರಂಥ ಕಪ್ಪು ಮೈಯವನು ಅವನೊಬ್ಬನೇ. ಅವನಿಗೆ ಹೆಸರಿಲ್ಲ, ಮಾತಿಲ್ಲ, ಬರೀ ಎರಡು ಏಟು. ಮೂಡಲಗಿಯ ವಿಡಿಯೋ ಟಾಕೀಸಿನಲ್ಲಿ ಮೈಕ್ ಹಿಡಿದು ಎಲ್ಲ ಪಾತ್ರಗಳಿಗೂ ಕನ್ನಡದ ಮಾತು ಕೊಡುತ್ತಿದ್ದ ಕೇದಾರಿ ಇಲ್ಲಿ ತಡವರಿಸಿದ.

ಮೂರು ದಿನದಿಂದ ಅವನು ಈ ಏಟಿಗೆ, "ತಪ್ಪಾತ್ರಿ ಧಣ್ಯಾರ, ನಿಮ್ಮ ಕಾಲಾಗಿನ ಕೆರಾ ನಾನು" ಎಂದು ಮೂಗಿನಲ್ಲಿ ಅತ್ತು ಸೀಟಿ ಗಿಟ್ಟಿಸಿದ್ದ. ಅದು ಅವನು ಕಟ್ಟಿದ ಮಾತಲ್ಲ. ನಾಗನೂರಿನ ಗೌಡರ ಅಂಗಳದಲ್ಲಿ ಏಟು ತಿನ್ನುತ್ತ ಅವನಪ್ಪ ಆಡುತ್ತಿದ್ದದ್ದು. ಇವತ್ತು ಮಗನ ಕೆಲಸ ನೋಡಲು ಅವ್ವ ಗುಡ್ಡವ್ವ ಮೊದಲ ಸಲ ಬಂದು ಮುಂದಿನ ಚಾಪೆಯ ಮೇಲೆ ಕೂತಿದ್ದಳು. ಸತ್ತ ಗಂಡನ ಮಾತು ಅವಳ ಕಿವಿಗೆ ಬೀಳುವುದು ಅವನಿಗೆ ಬೇಡವಾಗಿತ್ತು.

"ಕೈ ಇಳಸಲೇ," ಎಂದ ಕೇದಾರಿ. "ನನಗೂ ಒಂದು ಹೆಸರೈತಿ."

ಯಾರೂ ನಗಲಿಲ್ಲ. "ಏ ಕೇದಾರಿ, ಹೊಡಸ್ಕೊಳ್ಳಾಂವ ಹಿಂಗ ಮಾತಾಡ್ತಾನೇನಲೇ?" ಎಂದು ಹಿಂದಿನಿಂದ ಒಬ್ಬ ಕೂಗಿದ. ಮಾಲಕ ನೇಮಣ್ಣ ಮೈಕ್ ಕಸಿದುಕೊಂಡು ಸಿಡಿಯನ್ನು ಹಿಂದಕ್ಕೆ ಓಡಿಸಿದ. ಗೂಂಡಾ ಮತ್ತೆ ಕೈ ಎತ್ತಿದ. "ಎಪ್ಪಾ, ನಿಮ್ಮ ನಾಯಿ ಅಂತ ತಿಳಕೊಂಡು ಬಿಟ್ಟಬಿಡ್ರಿ!" ಎಂದು ನೇಮಣ್ಣ ಊಳಿಟ್ಟ. ಜನ ಬಿದ್ದು ಬಿದ್ದು ನಕ್ಕರು. ಗುಡ್ಡವ್ವನಿಗೂ ನಗು ತಡೆಯಲಾಗಲಿಲ್ಲ. ಪಕ್ಕದವಳ ತೊಡೆಗೆ ಬಡಿದು ಅಂದಳು: "ನೋಡ ಯವ್ವಾ, ಥೇಟ್ ನಮ್ಮ ಮನಿಯವ್ರು!"